ಕೆಂಪು ಎಷ್ಟು ದಿನ ನಿಲ್ಲುತ್ತದೆ?

"ಒಂದೇ ಹೊಲದ್ದು, ಒಂದೇ ದಿನ ಬಿಡಿಸಿದ್ದು. ಅರ್ಧ ಬ್ಯಾಡಗಿ ಕೋಲ್ಡ್ ಸ್ಟೋರೇಜಿಗೆ ಹಾಕಿದೆ, ಇನ್ನರ್ಧ ಮನಿಯಾಗ ತಗಡಿನ ಕೆಳಗ ಇಟ್ಟೆ. ಮಳಿಗಾಲ ಬರೋದ್ರೊಳಗ ಮನಿಯಾಗಿಂದು ಬಿಳಚಿಕೊಂಡಿತ್ತು. ಬ್ಯಾಡಗಿದು ಹಂಗ ಕೆಂಪಗ ಇತ್ತು. ನಿಮ್ಮ ಪುಸ್ತಕ ಇದಕ್ಕ ಏನ್ ಹೇಳ್ತೈತಿ?"

ಹೀಗೆ ಕೇಳಿದವರು ಕರ್ಜಗಿಯ ಹಿರಿಯ ರೈತರೊಬ್ಬರು. ಎದುರಿಗೆ ಕೂತಿದ್ದವರು ಆ ಭಾಗದ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿ. ರಾಸಾಯನಿಕ ಕ್ರಿಯೆಯ ವೇಗವನ್ನು ಏನೇನು ಬದಲಿಸುತ್ತದೆ ಎಂಬುದನ್ನು ಮಕ್ಕಳ ಕೈಯಿಂದಲೇ ಪರೀಕ್ಷೆ ಮಾಡಿಸಬೇಕೆಂದು ಹೊರಟಿದ್ದ ಅವರು, ಒಂದಿಷ್ಟು ಒಣಮೆಣಸಿನಕಾಯಿ ಕೇಳಲು ಬಂದಿದ್ದರು. ಬಂದ ಕೆಲಸಕ್ಕಿಂತ ಮೊದಲು ಪ್ರಶ್ನೆಯೇ ಎದುರಾಯಿತು.

"ಪುಸ್ತಕ ಐದು ಹೆಸರು ಹೇಳುತ್ತದೆ. ಉಷ್ಣತೆ, ಸಾರತೆ, ಮೇಲ್ಮೈ ವಿಸ್ತೀರ್ಣ, ಕ್ರಿಯಾವರ್ಧಕ, ಬೆಳಕು. ಮಕ್ಕಳು ಅದನ್ನ ಬಾಯಿಪಾಠ ಮಾಡ್ತಾರೆ, ಪರೀಕ್ಷೆಯಲ್ಲಿ ಬರೀತಾರೆ, ಮರೀತಾರೆ. ನಿಮ್ಮ ಮನೆಯ ತಗಡಿನ ಕೆಳಗೆ ಆ ಐದರಲ್ಲಿ ಯಾವುದು ಕೆಲಸ ಮಾಡಿತು ಅಂತ ಕೇಳಿದರೆ ಉತ್ತರ ಪುಸ್ತಕದಲ್ಲಿಲ್ಲ," ಎಂದರು ಶಿಕ್ಷಕಿ.

"ಎಲ್ಲಾನೂ ಮಾಡಿರಬೇಕು."

"ಅಲ್ಲೇ ತೊಡಕು ಇರೋದು. ಎಲ್ಲವೂ ಒಟ್ಟಿಗೆ ಮಾಡಿದರೆ ಯಾವುದು ಎಷ್ಟು ಮಾಡಿತು ಅಂತ ಗೊತ್ತಾಗೋದು ಹೇಗೆ?"

ಈ ಮಾತುಕತೆ ಕರ್ಜಗಿಯಲ್ಲಿ ನಡೆದದ್ದಕ್ಕೆ ಅರ್ಥವಿದೆ. ವರದಾ ನದಿಯ ಸನಿಹದ, ಹಾವೇರಿ ತಾಲ್ಲೂಕಿನ ಈ ಊರಿನ ಹೆಸರನ್ನು ಬ್ರಿಟಿಷರ ಕಾಲದಲ್ಲಿ ಇಡೀ ತಾಲ್ಲೂಕಿಗೇ ಇಡಲಾಗಿತ್ತು. ಕಚೇರಿ ಮಾತ್ರ ಹಾವೇರಿಯಲ್ಲಿತ್ತು. ದಕ್ಷಿಣಕ್ಕೆ ಹಾವೇರಿ ದಾಟಿದರೆ ಬ್ಯಾಡಗಿ, ಇನ್ನೂ ಮುಂದೆ ಹೋದರೆ ರಾಣೆಬೆನ್ನೂರು. ಈ ಸೀಮೆಯ ಜನರ ಬದುಕು ನಿಂತಿರುವುದು ಕೊಯ್ದು, ಒಣಗಿಸಿ, ಕಾಪಿಟ್ಟು ಮಾರುವ ಮಾಲಿನ ಮೇಲೆ. ಅಂದರೆ ಕೆಲವು ರಾಸಾಯನಿಕ ಕ್ರಿಯೆಗಳನ್ನು ಎಷ್ಟು ದಿನ ತಡೆಹಿಡಿಯಬಹುದು ಎಂಬುದರ ಮೇಲೆ. ಪಠ್ಯಪುಸ್ತಕಗಳು ಕ್ರಿಯೆಯನ್ನು ಚುರುಕುಗೊಳಿಸುವುದು ಹೇಗೆ ಎಂದು ವಿವರಿಸುತ್ತವೆ. ಹಾವೇರಿ ಜಿಲ್ಲೆಗೆ ಬೇಕಿರುವುದು ಬಹುಪಾಲು ಅದರ ತಿರುವುಮುರುವು.

ಶಿಕ್ಷಕಿ ಬಣ್ಣದಿಂದಲೇ ಶುರುಮಾಡಿದರು. "ಮೆಣಸಿನಕಾಯಿಯ ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್, ಜೊತೆಗೆ ಕ್ಯಾಪ್ಸೊರುಬಿನ್. ಎರಡೂ ಕೆರೋಟಿನಾಯ್ಡ್ ಗುಂಪಿನವು. ಉದ್ದದ ಇಂಗಾಲದ ಸರಪಳಿ, ಅದರಲ್ಲಿ ಒಂದು ಬಿಟ್ಟು ಒಂದು ಜೋಡಿ ಬಂಧ. ಆ ಜೋಡಣೆ ಇರೋದರಿಂದಲೇ ಅದು ನೀಲಿ-ಹಸಿರು ಬೆಳಕನ್ನ ಹೀರಿಕೊಂಡು ನಮ್ಮ ಕಣ್ಣಿಗೆ ಕೆಂಪಾಗಿ ಕಾಣೋದು. ಗಾಳಿಯ ಆಮ್ಲಜನಕ ಆ ಜೋಡಿ ಬಂಧಗಳ ಮೇಲೇ ಬೀಳುತ್ತೆ. ಸರಪಳಿ ತುಂಡಾಯಿತು ಅಂದರೆ ಬಣ್ಣ ಹೋಯಿತು."

"ಅಂದ್ರ ನಮ್ಮ ಕಾಯಿ ಕೆಡಲಿಲ್ಲ, ಗಾಳಿ ತಿಂತು."

"ಗಾಳಿಯೊಳಗಿನ ಆಮ್ಲಜನಕ. ಉತ್ಕರ್ಷಣ ಅಂತೀವಿ. ಶೀತಲಗೃಹದೊಳಗೂ ಅದೇ ನಡೀತಿರುತ್ತೆ, ನಿಧಾನವಾಗಿ."

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದರ ಹಿರಿಮೆ ಖಾರದ್ದಲ್ಲ. ಕಡಿಮೆ ಖಾರ, ಸುಕ್ಕು ಸಿಪ್ಪೆ, ಗಾಢ ಕೆಂಪು. ಡಬ್ಬಿ ಮತ್ತು ಕಡ್ಡಿ ಎಂಬ ಎರಡೂ ಬಗೆಗಳನ್ನು ವ್ಯಾಪಾರಿ ಮೊದಲು ನೋಡುವುದು ಬಣ್ಣಕ್ಕಾಗಿ. ಮೆಣಸಿನಕಾಯಿಯ ಸಾರ, ಅಂದರೆ ಓಲಿಯೊರೆಸಿನ್, ತಯಾರಿಸುವವರು ಕೊಳ್ಳುವುದೂ ಬಣ್ಣಕ್ಕಾಗಿ. ಹೊರದೇಶದ ವ್ಯವಹಾರದಲ್ಲಿ ಆ ಬಣ್ಣಕ್ಕೆ ಅಂಕಿಯೇ ಉಂಟು: ಪುಡಿಯನ್ನು ಅಸಿಟೋನಿನಲ್ಲಿ ನೆನೆಸಿ ಬಣ್ಣ ಇಳಿಸಿ, ಆ ದ್ರಾವಣವು 460 ನ್ಯಾನೊಮೀಟರ್ ತರಂಗದ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆದು ಕೊಡುವ ಆಸ್ಟಾ ಮಾನ. ಆದ್ದರಿಂದ ಬಣ್ಣ ಹೋಗುವ ವೇಗವೆಂದರೆ ಇಲ್ಲಿ ದುಡ್ಡು ಹೋಗುವ ವೇಗವೂ ಹೌದು.

ಶಾಲೆಯಲ್ಲಿ ಸಾಮಾನ್ಯವಾಗಿ ಮಾಡಿಸುವ ಪರೀಕ್ಷೆಯ ಸುದ್ದಿ ಬಂತು. ಫೋಟೊ ಸ್ಟುಡಿಯೋದವರು ಹಿಂದೆ ಬಳಸುತ್ತಿದ್ದ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್. ಅದರ ದ್ರಾವಣಕ್ಕೆ ಹೈಡ್ರೊಕ್ಲೋರಿಕ್ ಆಮ್ಲ ಹಾಕಿದರೆ ಗಂಧಕದ ಸಣ್ಣ ಕಣಗಳು ಹುಟ್ಟಿ ತಿಳಿನೀರು ಹಾಲಿನಂತೆ ಕದಡುತ್ತದೆ. ಫ್ಲಾಸ್ಕಿನ ಅಡಿ ಕಾಗದದ ಮೇಲೆ ಗುಣಾಕಾರದ ಗುರುತು ಬರೆದಿಟ್ಟು, ಮೇಲಿನಿಂದ ನೋಡುತ್ತ, ಗುರುತು ಕಾಣದಾಗುವವರೆಗಿನ ಸೆಕೆಂಡುಗಳನ್ನು ಎಣಿಸುವುದು.

"ಹೈಪೋ ಅರ್ಧಕ್ಕೆ ಇಳಿಸಿದರೆ ಸಮಯ ಹತ್ತಿರಹತ್ತಿರ ಎರಡರಷ್ಟಾಗುತ್ತೆ. ಸಾರತೆ ಹೆಚ್ಚಿದರೆ ವೇಗ ಹೆಚ್ಚು ಅನ್ನೋದಕ್ಕೆ ಸಾಕ್ಷಿ ಸಿಕ್ಕಿತು ಅಂತ ಮಕ್ಕಳಿಗೆ ಖುಷಿ. ಆಮೇಲೆ ಹೈಪೋ ಹಾಗೇ ಇಟ್ಟು ಆಮ್ಲವನ್ನ ಬದಲಾಯಿಸಿ ನೋಡಿ ಅಂತೀನಿ. ಅಷ್ಟೇನೂ ವ್ಯತ್ಯಾಸ ಕಾಣಲ್ಲ. ಆಗ ಮುಖ ನೋಡಬೇಕು!"

"ಯಾಕ? ಅದೂ ಕ್ರಿಯಾದಾಗ ಪಾಲುದಾರ ಅಲ್ಲೇನು?"

"ಪಾಲುದಾರನೇ. ಆದರೆ ಕ್ರಿಯೆ ಒಂದೇ ಹೆಜ್ಜೆಯಲ್ಲಿ ಮುಗಿಯಲ್ಲ, ಹಲವು ಹಂತಗಳಲ್ಲಿ ನಡೆಯುತ್ತೆ. ಎಲ್ಲಕ್ಕಿಂತ ನಿಧಾನವಾದ ಹಂತ ಯಾವುದೋ, ಒಟ್ಟು ವೇಗವನ್ನ ನಿರ್ಧರಿಸೋದು ಅದು. ಪುಸ್ತಕದ ಸಾಲು ಸುಳ್ಳಲ್ಲ, ಅರ್ಧ ಮಾತ್ರ. ಯಾವ ವಸ್ತುವಿನ ಸಾರತೆ ಲೆಕ್ಕಕ್ಕೆ ಬರುತ್ತೆ ಅನ್ನೋದನ್ನ ಮಾಡಿಯೇ ತಿಳೀಬೇಕು, ಸಮೀಕರಣ ನೋಡಿ ಹೇಳೋಕಾಗಲ್ಲ."

ಆ ಫ್ಲಾಸ್ಕಿನಿಂದ ಗಂಧಕದ ಹೊಗೆಯ ಘಾಟೂ ಬರುತ್ತದೆ, ಅದು ಸಲ್ಫರ್ ಡೈಆಕ್ಸೈಡ್. ಕಿಟಕಿ ತೆರೆದಿಟ್ಟೇ ಮಾಡಬೇಕಾದ ಪರೀಕ್ಷೆ. ಆ ವಾಸನೆ ಹಾವೇರಿಗೆ ಹೊಸದಲ್ಲ ಎಂದರು ಹಿರಿಯರು. ಮಲೆನಾಡಿನ ಏಲಕ್ಕಿ ಹಾವೇರಿಗೆ ಬಂದು, ಅಂಟುವಾಳದ ನೀರಿನಲ್ಲಿ ತೊಳೆಸಿಕೊಂಡು ಬೆಳ್ಳಗಾಗಿ ಹೋಗುತ್ತಿದ್ದ ಕಾಲವನ್ನು ಅವರ ಮನೆಯ ಹಿರಿಯರು ಹೇಳುತ್ತಿದ್ದರಂತೆ. ಗಂಧಕದ ಹೊಗೆ ಕೊಟ್ಟು ಏಲಕ್ಕಿ ಬಿಳುಪಿಸುವುದೂ ವ್ಯಾಪಾರದಲ್ಲಿ ರೂಢಿಯಿದ್ದ ಪದ್ಧತಿ. ಏಲಕ್ಕಿ ಮಾಲೆಯಿಂದ ಇಂದಿಗೂ ಹೆಸರಾಗಿರುವ ಊರಿನಲ್ಲಿ ಬಣ್ಣ ತೆಗೆಯುವುದೊಂದು ಕಸುಬಾಗಿತ್ತು. ಪಕ್ಕದ ಬ್ಯಾಡಗಿಯಲ್ಲಿ ಬಣ್ಣ ಉಳಿಸುವುದೊಂದು ಕಸುಬು.

ಮಾತು ಕಬ್ಬಿನತ್ತ ಹೊರಳಿತು. ಸಂಗೂರಿನಲ್ಲಿ ಸಕ್ಕರೆ ಕಾರ್ಖಾನೆ ಬಂದ ಮೇಲೆ ಈ ಭಾಗಕ್ಕೆ ಕಬ್ಬು ಅಪರಿಚಿತವಲ್ಲ.

"ಕಡಿದ ಕಬ್ಬು ಬಿಸಲಾಗ ಎರಡು ದಿನ ಬಿತ್ತು ಅಂದ್ರ ತೂಕಾನೂ ಹೋತು, ಸಕ್ಕರಿ ರಿಕವರಿನೂ ಹೋತು. ತೂಕ ಹೋಗೋದು ನೀರು ಆರಿದ್ದಕ್ಕ. ಸಕ್ಕರಿ ಎಲ್ಲಿಗೆ ಹೋಗ್ತದ್ರೀ?"

ಶಿಕ್ಷಕಿಯ ಮುಖ ಅರಳಿತು. ಈ ಪ್ರಶ್ನೆಗೆ ಅವರ ಬಳಿ ಬರೀ ಉತ್ತರವಲ್ಲ, ಒಂದು ಚರಿತ್ರೆಯೇ ಇತ್ತು. "ಕಬ್ಬಿನ ಸಕ್ಕರೆ, ಅಂದರೆ ಸುಕ್ರೋಸ್, ನೀರಿನ ಜೊತೆ ಸೇರಿ ಗ್ಲೂಕೋಸ್, ಫ್ರಕ್ಟೋಸ್ ಅಂತ ಎರಡಾಗಿ ಒಡೆಯುತ್ತೆ. ಸಿಹಿ ಇರುತ್ತೆ, ಹರಳುಗಟ್ಟೋದಿಲ್ಲ. ಕಬ್ಬಿನೊಳಗಿನ ಕಿಣ್ವ ಆ ಕೆಲಸ ಮಾಡುತ್ತೆ, ಕಡಿದ ತುದಿಯಿಂದ ಒಳಗೆ ಹೊಕ್ಕ ಬ್ಯಾಕ್ಟೀರಿಯಾ ಸಕ್ಕರೆಯನ್ನ ತಿನ್ನುತ್ತೆ, ರಸದ ಹುಳಿಯೂ ಕೈಜೋಡಿಸುತ್ತೆ. ರಾಸಾಯನಿಕ ಕ್ರಿಯೆಯೊಂದರ ವೇಗವನ್ನ ಮೊಟ್ಟಮೊದಲು ಗಣಿತದ ಸೂತ್ರಕ್ಕೆ ಇಳಿಸಿದ್ದು ಇದೇ ಕ್ರಿಯೆಯಲ್ಲಿ, 1850ರಲ್ಲಿ, ಜರ್ಮನಿಯ ಲುಡ್ವಿಗ್ ವಿಲ್ಹೆಲ್ಮಿ ಅನ್ನೋರು."

ವಿಲ್ಹೆಲ್ಮಿ ಹಿಡಿದ ದಾರಿ ಸೊಗಸಾಗಿತ್ತು. ಸಕ್ಕರೆಯ ದ್ರಾವಣ ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. ಅದು ಒಡೆದು ಆದ ಗ್ಲೂಕೋಸ್ ಬಲಕ್ಕೇ ತಿರುಗಿಸಿದರೂ ಫ್ರಕ್ಟೋಸ್ ಅದಕ್ಕಿಂತ ಜೋರಾಗಿ ಎಡಕ್ಕೆ ತಿರುಗಿಸುವುದರಿಂದ ಕೊನೆಗೆ ಒಟ್ಟು ತಿರುವು ಎಡಕ್ಕೆ ಬೀಳುತ್ತದೆ. ಬಲಕ್ಕೆ 66 ಡಿಗ್ರಿ ಚಿಲ್ಲರೆಯ ವಿಶಿಷ್ಟ ತಿರುವು ಎಡಕ್ಕೆ 20ರ ಸುಮಾರಿಗೆ ಬಂದು ನಿಲ್ಲುತ್ತದೆ. ಹೀಗಾಗಿ ದ್ರಾವಣವನ್ನು ಮುಟ್ಟದೆ, ಕ್ರಿಯೆಯನ್ನು ನಿಲ್ಲಿಸದೆ, ಕೊಳವೆಯ ಮೂಲಕ ಬೆಳಕು ನೋಡಿಯೇ ಈ ಕ್ಷಣಕ್ಕೆ ಎಷ್ಟು ಸಕ್ಕರೆ ಉಳಿದಿದೆ ಎಂದು ಹೇಳಬಹುದಿತ್ತು. ಅವರು ಕಂಡುಕೊಂಡದ್ದು: ಯಾವುದೇ ಗಳಿಗೆಯಲ್ಲಿ ಒಡೆಯುವ ವೇಗ ಆ ಗಳಿಗೆಯಲ್ಲಿ ಉಳಿದಿರುವ ಸಕ್ಕರೆಯ ಪ್ರಮಾಣಕ್ಕೆ ತಕ್ಕಂತಿರುತ್ತದೆ. ಆ ಲೇಖನವನ್ನು ಮೂವತ್ತಕ್ಕೂ ಹೆಚ್ಚು ವರ್ಷ ಯಾರೂ ಗಮನಿಸಲಿಲ್ಲ. 1884ರಲ್ಲಿ ರಸಾಯನವಿಜ್ಞಾನಿ ಓಸ್ಟ್‌ವಾಲ್ಡ್ ಅದರತ್ತ ಬೊಟ್ಟು ಮಾಡುವ ಹೊತ್ತಿಗೆ ವಿಲ್ಹೆಲ್ಮಿ ತೀರಿಕೊಂಡು 20 ವರ್ಷವಾಗಿತ್ತು. ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯಗಳು ರಸದಲ್ಲಿರುವ ಸಕ್ಕರೆಯನ್ನು ಇಂದಿಗೂ ಅಳೆಯುವುದು ಇದೇ ತತ್ವದ ಉಪಕರಣದಿಂದ.

"ನಾವು ಬೆಲ್ಲ ಮಾಡುವಾಗ ಕೊಪ್ಪರಿಗಿಗೆ ಸುಣ್ಣದ ತಿಳಿ ಬಿಡ್ತಿದ್ವಿ. ರಸ ಹುಳಿ ಇದ್ರ ಬೆಲ್ಲ ಅಂಟಂಟು, ಅಚ್ಚಿನ್ಯಾಗ ನಿಲ್ಲಾಂಗಿಲ್ಲ," ಎಂದು ಹಿರಿಯರು ನೆನಪಿಸಿಕೊಂಡರು.

"ಅದೇ! ವಿಲ್ಹೆಲ್ಮಿ ಸಕ್ಕರೆಗೆ ಆಮ್ಲ ಹಾಕಿ ಒಡೆಸಿದರು. ಆಮ್ಲ ಅಲ್ಲಿ ಕ್ರಿಯಾವರ್ಧಕ, ತಾನು ಖರ್ಚಾಗದೆ ಕೆಲಸ ಮಾಡಿಸುತ್ತೆ. ನೀವು ಸುಣ್ಣ ಬಿಟ್ಟು ಆ ಹುಳಿಯನ್ನೇ ತೆಗೆದುಬಿಟ್ಟಿರಿ. ರಸ ಕುದೀತಿದೆ, ಉಷ್ಣತೆಯನ್ನ ನೀವು ಇಳಿಸೋ ಹಾಗಿಲ್ಲ, ಇಳಿಸಿದರೆ ಬೆಲ್ಲವೇ ಆಗಲ್ಲ. ಕೈಯಲ್ಲಿ ಉಳಿದಿದ್ದ ಹಿಡಿಕೆ ಅದೊಂದೇ."

"ಸುಣ್ಣ ಜಾಸ್ತಿ ಆದ್ರೂ ಕೆಡ್ತೈತ್ರೀ. ಬೆಲ್ಲ ಕರ್ರಗಾಕ್ಕೈತಿ."

"ಹೌದು, ಯಾಕಂದರೆ ಕ್ಷಾರದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಬೇರೆ ದಾರಿ ಹಿಡಿದು ಕಪ್ಪು ಬಣ್ಣದ ವಸ್ತುಗಳಾಗ್ತವೆ. ಒಂದು ಕ್ರಿಯೆಗೆ ತಡೆ ಹಾಕೋಕೆ ಹೋಗಿ ಇನ್ನೊಂದಕ್ಕೆ ದಾರಿ ಬಿಟ್ಟ ಹಾಗೆ."

ಕಬ್ಬಿನ ಸಕ್ಕರೆಯ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಉಷ್ಣತೆ ಏರಿದರೆ ವೇಗ ಏಕೆ ಅಷ್ಟೊಂದು ಏರುತ್ತದೆ ಎಂಬುದಕ್ಕೆ ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ 1889ರಲ್ಲಿ ಕೊಟ್ಟ ವಿವರಣೆಯ ಲೇಖನವೂ ಆಮ್ಲದಿಂದ ಕಬ್ಬಿನ ಸಕ್ಕರೆ ಒಡೆಯುವ ಕುರಿತದ್ದೇ. ಶಿಕ್ಷಕಿ ಇದನ್ನು ಹೇಳುವಾಗ ಹಿರಿಯರಿಗೆ ಅರ್ಹೇನಿಯಸ್‌ಗಿಂತ ಆ ಪ್ರಶ್ನೆಯೇ ಹೆಚ್ಚು ಹಿಡಿಸಿತು.

"25 ಡಿಗ್ರಿಯಿಂದ 35ಕ್ಕೆ ಏರಿದರೆ ಅನೇಕ ಕ್ರಿಯೆಗಳ ವೇಗ ಸುಮಾರು ಎರಡರಷ್ಟಾಗುತ್ತೆ. ಅಣುಗಳು ಜೋರಾಗಿ ಓಡ್ತವೆ, ಹೆಚ್ಚು ಡಿಕ್ಕಿ ಹೊಡೀತವೆ ಅಂತ ಹೇಳಿ ಬಿಟ್ಟುಬಿಡ್ತೀವಿ. ಆದರೆ ಲೆಕ್ಕ ಹಾಕಿದರೆ ಆ ಹತ್ತು ಡಿಗ್ರಿಗೆ ಡಿಕ್ಕಿಗಳ ಸಂಖ್ಯೆ ಶೇ. 2ರಷ್ಟೂ ಹೆಚ್ಚಲ್ಲ. ವೇಗ ಶೇ. 100 ಹೆಚ್ಚಿತು. ಉಳಿದದ್ದು ಎಲ್ಲಿಂದ ಬಂತು?"

ಹಿರಿಯರು ಸುಮ್ಮನೆ ಕಾದರು.

"ದೀಪಾವಳಿಗೆ ಕೊಬ್ಬರಿ ಹೋರಿ ಬಿಡ್ತೀರಲ್ಲ. ಅಖಾಡಕ್ಕೆ ಬರೋ ಹೋರಿಗಳೆಷ್ಟೋ. ಎಲ್ಲವೂ ಓಡ್ತವೆ, ಎಲ್ಲವೂ ಜನರಿಗೆ ಎದುರಾಗ್ತವೆ. ಕೊರಳಿಗೆ ಕಟ್ಟಿದ ಕೊಬ್ಬರಿ ಹರಿಯಗೊಡದೆ ಜನರನ್ನ ಸೀಳಿಕೊಂಡು ಆಚೆ ಹೋಗೋವು ಕೆಲವೇ. ಅಣುಗಳಲ್ಲೂ ಅಡ್ಡಿ ದಾಟುವಷ್ಟು ಶಕ್ತಿ ಇರೋವು ಬಹಳ ಕಡಿಮೆ. ಉಷ್ಣತೆ ಸ್ವಲ್ಪ ಏರಿದರೆ ಸರಾಸರಿ ಓಟ ಸ್ವಲ್ಪವೇ ಹೆಚ್ಚುತ್ತೆ, ಆದರೆ ಆ ದಾಟುವ ಗುಂಪಿನ ಸಂಖ್ಯೆ ಇಮ್ಮಡಿಯಾಗುತ್ತೆ. ಅಡ್ಡಿಯ ಎತ್ತರ ಒಂದು ಮೋಲ್‌ಗೆ 50 ಕಿಲೋಜೂಲ್ ಆಸುಪಾಸು ಇದ್ದರೆ ಸರಿಯಾಗಿ ಈ ಎರಡರ ಲೆಕ್ಕ ಬರುತ್ತೆ."

"ಅಡ್ಡಿ ಇನ್ನೂ ಎತ್ತರ ಇದ್ರ?"

"ಉಷ್ಣತೆಯ ಪ್ರಭಾವ ಇನ್ನೂ ಜೋರು. ಹಾಗಾಗಿ ಎರಡು ಅನ್ನೋದು ನಿಯಮ ಅಲ್ಲ, ಅಂದಾಜು. ಅಂದಾಜನ್ನೇ ಹಿಡಿದರೂ ನೋಡಿ: ಏಪ್ರಿಲ್ ಹಗಲು 38 ಡಿಗ್ರಿ, ಶೀತಲಗೃಹದೊಳಗೆ 8 ಅಂತಿಟ್ಟುಕೊಳ್ಳಿ. 30 ಡಿಗ್ರಿ ಅಂತರ. ಹತ್ತಕ್ಕೊಮ್ಮೆ ಅರ್ಧ ಮಾಡುತ್ತ ಹೋದರೆ ವೇಗ ಎಂಟನೇ ಒಂದು ಪಾಲಿಗೆ ಇಳೀತು. ತಗಡಿನ ಕೆಳಗೆ ಒಂದು ತಿಂಗಳಲ್ಲಿ ಹೋಗುವಷ್ಟು ಬಣ್ಣ ಅಲ್ಲಿ ಎಂಟು ತಿಂಗಳಿಗೆ ಹೋಗಬೇಕು. ಮೆಣಸಿನಕಾಯಿಯ ನಿಜವಾದ ಲೆಕ್ಕ ಎಂಟೋ ಐದೋ ಹತ್ತೋ, ಅದನ್ನೇ ಮಕ್ಕಳು ಅಳೆಯಬೇಕು ಅಂತ ನನ್ನಾಸೆ."

ರಾಣೆಬೆನ್ನೂರಿನ ಬೀಜದ ಕಂಪನಿಗಳ ಗೋದಾಮುಗಳೂ ಇದೇ ತತ್ವದ ಮೇಲೆ ನಡೆಯುತ್ತವೆ. ಅಮೆರಿಕದ ಬೀಜವಿಜ್ಞಾನಿ ಹ್ಯಾರಿಂಗ್ಟನ್ ಕೊಟ್ಟ ಸ್ಥೂಲ ಲೆಕ್ಕ ಆ ವಲಯದಲ್ಲಿ ಪ್ರಸಿದ್ಧ ಎಂದರು ಶಿಕ್ಷಕಿ: ಒಂದು ಮಿತಿಯೊಳಗೆ, ಬೀಜದ ತೇವಾಂಶ ಶೇ. 1 ಇಳಿದರೆ ಆಯುಸ್ಸು ಇಮ್ಮಡಿ. ಉಷ್ಣತೆ ಐದೂವರೆ ಡಿಗ್ರಿ ಇಳಿದರೂ ಇಮ್ಮಡಿ.

ಇಷ್ಟಾದ ಮೇಲೆ ಪರೀಕ್ಷೆಯ ಏರ್ಪಾಡು. ಮಾತುಕತೆಯ ಅತ್ಯಂತ ಫಲವತ್ತಾದ ಭಾಗ ಇದು, ಏಕೆಂದರೆ ಇಲ್ಲಿ ಕಲಿಸಿದವರು ಇಬ್ಬರೂ.

ಶಿಕ್ಷಕಿ ಲೆಕ್ಕ ಹಾಕಿಕೊಂಡು ಬಂದದ್ದು ಸರಳವಾಗಿತ್ತು. ಒಂದೇ ಚೀಲದ ಕಾಯಿ. ಕೆಲವನ್ನು ಇಡಿಯಾಗಿ, ತೊಟ್ಟು ಸಹಿತ ಬಾಟಲಿಗೆ ಹಾಕುವುದು. ಕೆಲವನ್ನು ಪುಡಿಮಾಡಿ ಹಾಕುವುದು. ಇಡಿ ಕಾಯಿಯ ಸಿಪ್ಪೆಯ ಮೇಣದಂಥ ಪದರ ಗಾಳಿಯನ್ನು ತಡೆಯುತ್ತದೆ; ಪುಡಿಯಾದರೆ ಒಳಗಿನ ಬಣ್ಣವೆಲ್ಲ ಗಾಳಿಗೆ ತೆರೆದುಕೊಳ್ಳುತ್ತದೆ, ಮೇಲ್ಮೈ ಹಲವು ಪಟ್ಟು ಹೆಚ್ಚುತ್ತದೆ. ಪುಡಿ ಬೇಗ ಬಿಳಚುತ್ತದೆಂದು ವರ್ಷದ ಖಾರ ಕುಟ್ಟಿಸಿ ಇಡುವ ಮನೆಗಳಿಗೆಲ್ಲ ಗೊತ್ತು. ಎಷ್ಟು ಪಟ್ಟು ಬೇಗ ಎಂಬುದು ಅಳೆಯಬೇಕಾದ ವಿಷಯ. (ಮೇಲ್ಮೈಯ ಪಾಠಕ್ಕೆ ಹಲವು ಶಾಲೆಗಳಲ್ಲಿ ಬರೆಯುವ ಸೀಮೆಸುಣ್ಣವನ್ನು ಆಮ್ಲಕ್ಕೆ ಹಾಕಿ ನೊರೆ ಬಾರದೆ ಪೇಚಾಡುತ್ತಾರೆ. ಇಂದಿನ ಸೀಮೆಸುಣ್ಣ ಬಹುಪಾಲು ಜಿಪ್ಸಮ್, ಅದು ನೊರೆಯುವುದಿಲ್ಲ. ಮೊಟ್ಟೆಯ ಚಿಪ್ಪನ್ನು ತುಂಡಾಗಿ ಒಂದು ಲೋಟಕ್ಕೆ, ಪುಡಿಯಾಗಿ ಇನ್ನೊಂದಕ್ಕೆ ಹಾಕಿ ವಿನೆಗರ್ ಸುರಿದರೆ ಪಾಠ ತಾನಾಗಿ ನಡೆಯುತ್ತದೆ.)

"ಬೆಳಕಿನ ಪರೀಕ್ಷೆಗೆ ಎರಡು ಬಾಟಲಿ ಬಿಸಿಲಲ್ಲಿ. ಒಂದು ಹಾಗೇ, ಇನ್ನೊಂದಕ್ಕೆ ಕಪ್ಪು ಕಾಗದ ಸುತ್ತಿ..."

"ನಿಲ್ರೀ. ಕರಿ ಕಾಗದ ಸುತ್ತಿದ್ರ ಆ ಬಾಟ್ಲಿ ಇನ್ನಷ್ಟು ಕಾಯಾಂಗಿಲ್ಲೇನು? ಬೆಳಕು ತಪ್ಪಿಸಾಕ ಹೋಗಿ ಬಿಸಿ ಕೊಟ್ಟಂಗಾತು. ಆಮೇಲೆ ಬಣ್ಣ ಹೋದ್ರ ಯಾವುದರಿಂದ ಹೋತು ಅಂತ ಹೇಳ್ತೀರಿ?"

ಶಿಕ್ಷಕಿ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದನ್ನು ಹೊಡೆದುಹಾಕಿದರು. ಕಪ್ಪು ಕಾಗದದ ಬದಲು ಅಲ್ಯುಮಿನಿಯಂ ಹಾಳೆ. ಅದು ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ. ಅಷ್ಟೂ ಸಾಲದು, ಎರಡೂ ಬಾಟಲಿಗಳನ್ನು ನೀರಿನ ದೊಡ್ಡ ಬೋಗುಣಿಯೊಂದರಲ್ಲಿ ನಿಲ್ಲಿಸಿ, ಎರಡರೊಳಗೂ ಥರ್ಮಾಮೀಟರ್ ಇಳಿಸಿ, ಉಷ್ಣತೆ ಸಮನಾಗಿದೆಯೇ ಎಂದು ನೋಡುತ್ತಿರಬೇಕು. ಒಂದನ್ನು ಮಾತ್ರ ಬದಲಿಸಿ ಉಳಿದೆಲ್ಲವನ್ನೂ ಹಾಗೇ ಇಡುವುದು ಎಂಬ ಮಾತು ಹೇಳಲು ಸುಲಭ. ಬಿಸಿಲೆಂಬುದು ಬೆಳಕೂ ಹೌದು, ಕಾವೂ ಹೌದು, ಒಣಗಿಸುವ ಗಾಳಿಯೂ ಹೌದು.

"ಬಣ್ಣ ಅಳೆಯೋದು?"

"ನಮ್ಮಲ್ಲಿ ಯಂತ್ರ ಇಲ್ಲ. ಅಸಿಟೋನ್ ಬೆಂಕಿಗೆ ಬೇಗ ಹತ್ತಿಕೊಳ್ಳುತ್ತೆ, ಮಕ್ಕಳ ಕೈಗೆ ಬೇಡ. ಈ ಬಣ್ಣ ಎಣ್ಣೆಯಲ್ಲಿ ಕರಗುತ್ತೆ, ಒಗ್ಗರಣೆಯಲ್ಲಿ ಎಲ್ಲರೂ ನೋಡಿರೋದೇ. ಒಂದು ಗ್ರಾಂ ಪುಡಿಯನ್ನ ಅಳತೆಯ ಸೂರ್ಯಕಾಂತಿ ಎಣ್ಣೆಯಲ್ಲಿ ನೆನೆಸಿ ಬಟ್ಟೆಯಲ್ಲಿ ಸೋಸೋದು. ಹೊಸ ಮೆಣಸಿನಕಾಯಿಯ ಎಣ್ಣೆಗೆ ಬರೀ ಎಣ್ಣೆಯನ್ನ ಒಂದೊಂದು ಪಾಲು ಬೆರೆಸುತ್ತ ಹತ್ತು ಮೆಟ್ಟಿಲಿನ ಬಣ್ಣ ಮಾಡಿಟ್ಟುಕೊಳ್ಳೋದು. ಬಿಳಚಿದ ಪುಡಿಯ ಎಣ್ಣೆ ಯಾವ ಮೆಟ್ಟಿಲಿಗೆ ಹೊಂದುತ್ತೋ, ಅಷ್ಟು ಬಣ್ಣ ಉಳಿದಿದೆ ಅಂತ."

"ಹೋಲಿಸಾಕ ಮಾಡಿಟ್ಟ ಎಣ್ಣಿನೇ ತಿಂಗಳೊಳಗ ಬಿಳಚಿದ್ರ?"

ಇದಕ್ಕೆ ಶಿಕ್ಷಕಿ ನಕ್ಕು, ಬಳಿಕ ಗಂಭೀರರಾದರು. ಮಾನದಂಡವೇ ಸವೆಯುತ್ತಿದ್ದರೆ ಅಳತೆಗೆ ಬೆಲೆಯಿಲ್ಲ. ಕೊನೆಗೆ ಇಬ್ಬರೂ ಒಪ್ಪಿದ್ದು ಇದು: ಅದೇ ಚೀಲದ ಕಾಯಿಗಳನ್ನು ಗಾಳಿ ಹೋಗದಂತೆ ಕಟ್ಟಿ ಫ್ರೀಜರಿನ ತಳದಲ್ಲಿ ಇಡುವುದು, ಪ್ರತಿ ಸಲ ಅಳೆಯುವ ದಿನ ಅದರಿಂದ ಹೊಸದಾಗಿ ಮೆಟ್ಟಿಲು ಮಾಡಿಕೊಳ್ಳುವುದು.

ತೇವದ ವಿಚಾರಕ್ಕೆ ಬಂದಾಗ ಮಾತ್ರ ಇಬ್ಬರಿಗೂ ಜಟಾಪಟಿ ಬಿತ್ತು. ಮಾರುಕಟ್ಟೆಗೆ ಒಯ್ಯುವ ಮುಂಚೆ ಕಾಯಿಗೆ ನೀರು ಚಿಮುಕಿಸುವ ಚಾಳಿಯನ್ನು ಶಿಕ್ಷಕಿ ಖಂಡಿಸಿದರು. ತೂಕಕ್ಕೆ ಚಿಮುಕಿಸುವವರೂ ಇದ್ದಾರೆ, ಆದರೆ ತೀರ ಗರಿಗರಿಯಾದ ಕಾಯಿ ಚೀಲ ತುಂಬುವಾಗಲೇ ಒಡೆದು ಬೀಜ ಉದುರುತ್ತದೆ ಎಂದರು ಹಿರಿಯರು. "ಮತ್ತ ಇನ್ನೊಂದು. ಅತೀ ಒಣಗಿಸಿದ್ದು ಬೇಗ ಬಿಳಚ್ತೈತಿ. ನಾ ಕಣ್ಣಾರೆ ನೋಡೀನಿ."

ಬೀಜದ ಲೆಕ್ಕ ಹೇಳಿದ ಬಾಯಿಗೆ ಇದನ್ನು ಒಪ್ಪುವುದು ಕಷ್ಟ. ಆದರೂ ಶಿಕ್ಷಕಿ ಒಪ್ಪಿದರು, ಏಕೆಂದರೆ ಮೆಣಸಿನ ಪುಡಿಯ ಮೇಲಿನ ಅಧ್ಯಯನಗಳು ಹೇಳುವುದೂ ಅದನ್ನೇ: ನೀರು ತೀರ ಕಡಿಮೆಯಾದರೆ ಕೆರೋಟಿನಾಯ್ಡುಗಳು ಇನ್ನೂ ಬೇಗ ಉತ್ಕರ್ಷಣಗೊಳ್ಳುತ್ತವೆ. ಅಲ್ಪ ಪ್ರಮಾಣದ ತೇವ ಅವುಗಳಿಗೆ ಒಂದು ಬಗೆಯ ಕಾವಲು. ತೇವ ಹೆಚ್ಚಾದರೆ ಬೂಷ್ಟು, ಬೂಷ್ಟಿನ ಜೊತೆ ಅಫ್ಲಟಾಕ್ಸಿನ್ನಿನ ವಿಷ. ಬಣ್ಣಕ್ಕೆ ಹಿತವಾದ ತೇವ ಮತ್ತು ಬೂಷ್ಟಿಗೆ ಹಿತವಾದ ತೇವದ ನಡುವಿನ ಜಾಗ ಕಿರಿದು. ಶೀತಲಗೃಹದಿಂದ ಮೇ ತಿಂಗಳಲ್ಲಿ ಹೊರತೆಗೆದ ಚೀಲವನ್ನು ತಕ್ಷಣ ಬಿಚ್ಚಿದರೆ ತಣ್ಣನೆಯ ಕಾಯಿಯ ಮೇಲೆ ಹೊರಗಿನ ಆವಿ ನೀರಾಗಿ ಕೂರುತ್ತದೆ. ಅದಕ್ಕೇ ಚೀಲ ಹೊರಗಿನ ಕಾವಿಗೆ ಬರುವವರೆಗೆ ಬಿಚ್ಚಬಾರದು.

"ತೇವ ಒಂದೇ ಮಟ್ಟಕ್ಕ ನಿಲ್ಲಸೋದು ಹೆಂಗ?"

"ಅದಕ್ಕೆ ಅಡುಗೆ ಉಪ್ಪೇ ಸಾಕು. ಇನ್ನು ಕರಗಲ್ಲ ಅನ್ನುವಷ್ಟು ಉಪ್ಪು ಹಾಕಿದ ನೀರನ್ನ ಬಟ್ಟಲಲ್ಲಿಟ್ಟು ಡಬ್ಬಿ ಮುಚ್ಚಿದರೆ ಒಳಗಿನ ಗಾಳಿಯ ತೇವ ಶೇ. 75ಕ್ಕೆ ನಿಲ್ಲುತ್ತೆ. ಬೇರೆ ಲವಣ ಇಟ್ಟರೆ ಬೇರೆ ಮಟ್ಟ. ಮೆಗ್ನೀಸಿಯಂ ಕ್ಲೋರೈಡಿಗೆ ಶೇ. 33ರ ಹತ್ತಿರ."

"75ಕ್ಕ ಬೂಷ್ಟು ಬರ್ತೈತಿ."

"ಬರಲಿ. ಎಷ್ಟು ದಿನಕ್ಕೆ ಬಂತು ಅಂತ ಅದನ್ನೂ ಬರೆದುಕೊಳ್ಳೋಣ. ಆ ಡಬ್ಬಿ ಮಾತ್ರ ಯಾರೂ ಮೂಸಬಾರದು."

ಉಳಿದದ್ದು ಕಾಲದ ಲೆಕ್ಕ. ಸೆಕೆ ಹೆಚ್ಚಿರುವುದು ಏಪ್ರಿಲ್, ಮೇ. ಆಗಲೇ ಶಾಲೆಗೆ ರಜೆ. ಫೆಬ್ರುವರಿಯಲ್ಲಿ ಬಾಟಲಿಗಳನ್ನು ತುಂಬಿ, ರಜೆಯಲ್ಲಿ ಊರಿನಲ್ಲೇ ಇರುವ ಮಕ್ಕಳಿಗೆ ಅಳತೆಯ ಪಾಳಿ ಹಂಚುವುದೆಂದಾಯಿತು. ಬಿಸಿಲಿನ ಬೋಗುಣಿ ಶಾಲೆಯ ತಾರಸಿಯ ಮೇಲೆ, ತಗಡಿನ ಕೆಳಗಿನ ಬಾಟಲಿಗಳು ಹಿರಿಯರ ಮನೆಯಲ್ಲಿ, ಒಂದು ಜೊತೆ ಅವರದೇ ಚೀಲದೊಂದಿಗೆ ಬ್ಯಾಡಗಿಯ ಶೀತಲಗೃಹಕ್ಕೆ.

"ಕಾಯಿ ಎರಡನೇ ಬಿಡಿತದ್ದ ಕೊಡ್ತೀನಿ," ಎಂದರು ಹಿರಿಯರು. "ಮೊದಲನೇದ್ದು, ಕಡೀದ್ದು ಕೂಡಿಸಬ್ಯಾಡ್ರಿ. ಬಣ್ಣ ಅಲ್ಲೇ ಬ್ಯಾರೆ ಇರ್ತೈತಿ, ನಿಮ್ಮ ಲೆಕ್ಕ ಹಳ್ಳ ಹಿಡೀತೈತಿ."

ಶಿಕ್ಷಕಿ ಅದನ್ನೂ ಬರೆದುಕೊಂಡರು.